ಆಡೋಕೆ ನಾವು, ಆರಿಸೋಕೆ ಅವರು

ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ.

ಹೋದ ವಾರ ಒಬ್ಬ ತಮ್ಮ ಇನ್‌ಬಾಕ್ಸಲ್ಲಿ ಒಂದು ಪ್ರಶ್ನೆ ಕೇಳಿದ. ಚಾಮರಾಜನಗರ ಕಡೆಯವನು, ಪಿಯುಸಿ ಓದ್ತಿದ್ದಾನೆ, ಒಳ್ಳೇ ರೈಡರ್. "ಅಕ್ಕಾ, ಸ್ಟೇಟ್ ಕ್ಯಾಂಪ್ ತನಕ ಹೋದವರು ನೀವು. ಪಿ.ಟಿ. ಟೀಚರ್ ಆಗಿ ಯಾಕೆ ಕೂತ್ಬಿಟ್ರಿ? ಬೇಜಾರಾಗಲ್ವಾ?" ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ನಮ್ಮ ಕೇರಿಯಲ್ಲೂ ಇದೇ ಲೆಕ್ಕ. ಆಡೋವಾಗ ಹುಲಿ ಅಂತಾರೆ. ಪಿ.ಟಿ. ಟೀಚರ್ ಅಂದ್ರೆ ಬೆಲ್ ಹೊಡೆಸೋರು, ಪ್ರೇಯರ್ ಲೈನ್ ನೆಟ್ಟಗೆ ಮಾಡ್ಸೋರು, ಆಗಸ್ಟ್ ಹದಿನೈದಕ್ಕೆ ಬಾವುಟದ ಹಗ್ಗ ಸರಿ ಇದೆಯಾ ನೋಡೋರು. ಅವನಿಗೆ ಎರಡು ಸಾಲಲ್ಲಿ ಉತ್ತರ ಬರೆಯೋಕೆ ಕೂತೆ, ಆಗ್ಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಂದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಕಬ್ಬಿನ ಸೀಮೆ. ಗದ್ದೆ ಅವರದು, ಕಟಾವು ನಮ್ಮದು. ಅವ್ವ ಕಬ್ಬು ಕಡಿಯೋಕೆ ಹೋಗೋಳು, ರಜಾ ದಿನ ನಾನೂ ಹೋಗ್ತಿದ್ದೆ. ಬಗ್ಗಿ ಬುಡಕ್ಕೆ ಮಚ್ಚು ಹಾಕಿ, ಎದ್ದು ಸೋಗೆ ಸವರಿ, ಮತ್ತೆ ಬಗ್ಗೋದು. ದಿನಕ್ಕೆ ಎಷ್ಟು ಸಾವಿರ ಸಲ ಅಂತ ಯಾರೂ ಎಣಿಸಿಲ್ಲ. ಎಂಟನೇ ಕ್ಲಾಸಲ್ಲಿ ನಮ್ಮ ಮೇಷ್ಟ್ರು ನನ್ನನ್ನ ಎಡ ಕಾರ್ನರ್‌ಗೆ ನಿಲ್ಲಿಸಿದಾಗ, "ಈ ಹುಡುಗಿ ಸೊಂಟ ಎಷ್ಟು ಕೆಳಗೆ ಇಡ್ತಾಳೆ ನೋಡ್ರಪ್ಪ, ಹುಟ್ಟು ಡಿಫೆಂಡರ್" ಅಂದ್ರು. ಹುಟ್ಟು ಅಲ್ಲ ಸಾರ್, ಕೂಲಿ.

ಕಬಡ್ಡಿ ಗೊತ್ತಿಲ್ಲದವರು ಕಮ್ಮಿ. ಆದ್ರೂ ಸ್ವಲ್ಪ ಹೇಳ್ತೀನಿ, ಮುಂದಿನ ಮಾತಿಗೆ ಬೇಕು. ಹೆಣ್ಮಕ್ಕಳ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ತಂಡದಲ್ಲಿ 12 ಜನ, ಒಳಗೆ ಆಡೋರು 7 ಜನ. ರೈಡರ್‌ಗೆ 30 ಸೆಕೆಂಡು ಟೈಮು. ಅಷ್ಟರಲ್ಲಿ ಅವಳು ಮುಟ್ಟಿ ವಾಪಸ್ ಓಡಬೇಕು, ನಾವು ಅವಳನ್ನ ಹಿಡಿದು ಉಳಿಸ್ಕೋಬೇಕು. ಇಡೀ ಆಟ ನಿಂತಿರೋದೇ ಮುಟ್ಟೋದ್ರ ಮೇಲೆ. ನಮ್ಮ ಭಾಷೇಲಿ "ಮುಟ್ಟು" ಅನ್ನೋ ಒಂದು ಪದ ಹೆಣ್ಣುಮಕ್ಕಳಿಗೆ ಮೂರು ಕಡೆಯಿಂದ ಬರುತ್ತೆ. ತಿಂಗಳ ಮುಟ್ಟು. ಮೇಲಿನ ಬೀದೀಲಿ ನಿಂತ್ರೆ "ಮುಟ್ಟಬೇಡ". ಅಂಕಣದಲ್ಲಿ "ಮುಟ್ಟೇ, ಮುಟ್ಟೇ, ಬಿಡಬೇಡ". ನಮ್ಮವ್ವ ಯಾರ ಮನೆ ಹಿತ್ತಲಲ್ಲಿ ಎತ್ತರದಿಂದ ಸುರಿದ ನೀರಿಗೆ ಬೊಗಸೆ ಒಡ್ಡಿ ಕುಡೀತಿದ್ಲೋ, ಅದೇ ಮನೆ ಹುಡುಗಿ ಕಾಲನ್ನ ನಾನು ಸ್ಕೂಲ್ ಅಂಗಳದಲ್ಲಿ ಎರಡೂ ಕೈಲಿ ಹಿಡಿದು ಕೆಡವ್ತಿದ್ದೆ. ಆಟ ಮುಗಿದ ಮೇಲೆ ನಲ್ಲಿ ಹತ್ರ ಲೈನು ಮತ್ತೆ ಮೊದಲಿನ ಥರಾನೇ. ಆದ್ರೆ ಆ 30 ಸೆಕೆಂಡಿನ ರುಚಿ ಸಿಕ್ಕಿತ್ತು. ಅದನ್ನ ಬಿಟ್ಟಿರೋಕೆ ಆಗ್ಲಿಲ್ಲ.

ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ. ಆಮೇಲೆ ಕಾಲೇಜಿಗೆ ಮೈಸೂರು, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್, ಬೆಳಗ್ಗೆ ಐದಕ್ಕೆ ಗ್ರೌಂಡು. ಅದೆಲ್ಲ ವಿವರವಾಗಿ ಬರೆಯೋಲ್ಲ, ಎಲ್ಲಾ ಆಟಗಾರರ ಕಥೇನೂ ಹಾಗೇ ಇರುತ್ತೆ. ಒಂದು ಮಾತ್ರ ಹೇಳ್ಬೇಕು. ಕ್ಯಾಂಪಲ್ಲಿ ಡಯಟ್ ಬಗ್ಗೆ ಕ್ಲಾಸ್ ಇರೋದು: ಬಾದಾಮಿ, ಪನೀರ್, ಹಾಲು. "ನಿಮ್ಮ ಮನೇಲಿ ಪ್ರೋಟೀನ್‌ಗೆ ಏನು ತಿಂತೀರಮ್ಮ?" ಅಂತ ಒಬ್ಬೊಬ್ಬರನ್ನೇ ಕೇಳ್ಕೊಂಡು ಬಂದ್ರು. ನನ್ನ ತೊಡೆ, ನನ್ನ ಬೆನ್ನು ಬೆಳೆದದ್ದು ದನದ ಬಾಡಿನ ಮೇಲೆ. ನನ್ನ ಸರದಿ ಬಂದಾಗ "ಬೇಳೆ ಸಾರ್" ಅಂದೆ. ಪಕ್ಕದಲ್ಲಿದ್ದ ಕೋಲಾರದ ಹುಡುಗಿ ನನ್ನ ಮುಖ ನೋಡಿದ್ಲು. ಅವಳ ಸರದಿ ಬಂದಾಗ ಅವಳೂ "ಬೇಳೆ ಸಾರ್" ಅಂದ್ಲು. ಆವತ್ತಿಂದ ನಾವಿಬ್ರೂ ಜೋಡಿ. ಇವತ್ತಿಗೂ ಫೋನ್ ಮಾಡಿದ್ರೆ ಮೊದಲ ಮಾತೇ "ಬೇಳೆ ತಿಂದ್ಯಾ?"

ಎರಡನೇ ಕ್ಯಾಂಪಿನ ಒಂಬತ್ತನೇ ದಿನ ಎಡ ಮಂಡಿ ಹೋಯ್ತು. ಒಬ್ಬ ರೈಡರ್ ತಿರುಗಿದ್ಲು, ನಾನು ಅವಳ ಕಾಲು ಹಿಡಿದೇ ಇದ್ದೆ, ನನ್ನ ಪಾದ ಮ್ಯಾಟಲ್ಲಿ ಸಿಕ್ಕೊಂಡಿತ್ತು, ಮಂಡಿ ಮಾತ್ರ ತಿರುಗ್ತು. ಟಪ್ ಅನ್ನೋ ಶಬ್ದ ಎದುರಿಗಿದ್ದವರಿಗೂ ಕೇಳಿಸಿತ್ತಂತೆ. ಎಸಿಎಲ್ ಲಿಗಮೆಂಟ್. ಐಸ್ ಇಟ್ರು, ಬ್ಯಾಂಡೇಜ್ ಸುತ್ತಿದ್ರು, ಮಾರನೇ ದಿನ ಬಸ್ ಚಾರ್ಜ್ ಕೊಟ್ಟು ಕಳಿಸಿದ್ರು. ಆಮೇಲೆ ಯಾರೂ ಫೋನ್ ಮಾಡಲಿಲ್ಲ. ನಾನು ಮಾಡಿದಾಗ "ವಿಚಾರಿಸ್ತೀವಿ" ಅಂದ್ರು. ಇನ್ನೂ ವಿಚಾರಿಸ್ತಿದ್ದಾರೆ ಅನ್ಸುತ್ತೆ. ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಆಪರೇಷನ್ ಮಾಡಿಸಿದ್ಲು. ಆ ಸಾಲ ತೀರಿದ್ದು ನನ್ನ ಮೊದಲ ಸಂಬಳದಲ್ಲಿ. ಊರವರು "ಹೆಣ್ಣುಡುಗಿ, ಕಾಲ್ ಮುರ್ಕೊಂಡು ಬಂದವ್ಳೆ, ಇನ್ಯಾರು ಮದುವೆ ಆಗ್ತಾರೆ" ಅಂತಿದ್ರೆ, ಅವ್ವ ಒಂದೇ ಮಾತು ಅಂದ್ಲು: "ಕಾಲು ಹೋದ್ರೆ ಹೋಗ್ಲಿ, ಓದಿರೋ ತಲೆ ಹಂಗೇ ಅದಲ್ಲ."

ಮಂಡಿ ಹೋಯ್ತು, ಅದಕ್ಕೇ ಟೀಚರ್ ಆದೆ ಅಂತ ಅಂದುಕೊಂಡ್ರೆ ಅರ್ಧ ಸತ್ಯ. ಒಂದೂವರೆ ವರ್ಷ ಬಿಟ್ಟು ನಾನು ಮತ್ತೆ ಆಡಬಹುದಿತ್ತು, ಫಿಸಿಯೋ ಮಾಡಿದವರೂ ಅದನ್ನೇ ಹೇಳಿದ್ರು. ಆಡದೆ ಬೇರೆ ಕಡೆ ತಿರುಗಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಅದನ್ನ ಹೇಳೋಕೆ ಒಬ್ಬ ಕ್ರಿಕೆಟಿಗನ ಹತ್ರ ಹೋಗ್ಬೇಕು.

ಬಿ.ಪಿ.ಎಡ್. ನೋಟ್ಸಲ್ಲಿ ನಾವು ಕ್ರೀಡೆಯ ಇತಿಹಾಸ ಓದ್ತಿದ್ವಿ. ಗ್ರೀಸ್, ಒಲಿಂಪಿಯಾ, ಕೂಬರ್ತಾ, ಎಲ್ಲಾ ಬಾಯಿಪಾಠ. ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಹೆಸರು ನನ್ನ ನೋಟ್ಸಲ್ಲಿ ಎಲ್ಲೂ ಇರ್ಲಿಲ್ಲ. ರಾಮಚಂದ್ರ ಗುಹಾ ಅವರ ಕ್ರಿಕೆಟ್ ಇತಿಹಾಸದ ಪುಸ್ತಕವನ್ನ ಲೈಬ್ರರೀಲಿ ನಿಘಂಟು ಪಕ್ಕ ಇಟ್ಕೊಂಡು ಓದಿದಾಗ ಗೊತ್ತಾಯ್ತು. ಚಮ್ಮಾರ ಸಮುದಾಯದ ಹುಡುಗ. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಲ್ಲಿ ತಿಂಗಳಿಗೆ 4 ರೂಪಾಯಿಗೆ ಪಿಚ್ ನೋಡ್ಕೊಳ್ಳೋ, ನೆಟ್ ಕಟ್ಟೋ ಕೆಲಸ. ಅಲ್ಲಿನ ಸಾಹೇಬರು ನೆಟ್ಸಲ್ಲಿ ಇವನ ಕೈಲಿ ಗಂಟೆಗಟ್ಟಲೆ ಬೌಲಿಂಗ್ ಹಾಕಿಸ್ಕೊಂಡ್ರು. ಬ್ಯಾಟು ಮಾತ್ರ ಇವನ ಕೈಗೆ ಕೊಡಲಿಲ್ಲ. ಆಮೇಲೆ ಪುಣೆಯ ಹಿಂದೂ ತಂಡಕ್ಕೆ ಇವನ ಎಡಗೈ ಸ್ಪಿನ್ ಬೇಕಾಯ್ತು. ಸೇರಿಸ್ಕೊಂಡ್ರು. ಅಂಕಣದಲ್ಲಿ ಇವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟೋರು. ಟೀ ಟೈಮಲ್ಲಿ ಪೆವಿಲಿಯನ್ ಹೊರಗೆ, ಮಣ್ಣಿನ ಲೋಟದಲ್ಲಿ ಕುಡಿದು ಬಿಸಾಕೋ ಟೀ.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಲೂ ತೆಗೆದದ್ದು 114 ವಿಕೆಟ್. ಅಷ್ಟಾದರೂ ಹಿಂದೂ ತಂಡದ ಕ್ಯಾಪ್ಟನ್ ಮಾಡ್ಲಿಲ್ಲ. ಆ ವಿಷಯಕ್ಕೆ 1920ರಲ್ಲಿ ಅವನ ತಮ್ಮಂದಿರು ತಂಡದಿಂದಲೇ ಹೊರಗೆ ಬಂದ್ರು. 1923ರಲ್ಲಿ ಕೊನೆಗೂ ತಮ್ಮ ವಿಠಲ್ ಕ್ಯಾಪ್ಟನ್ ಆದ. (ಇದೇ ಬಾಲೂ 1937ರ ಚುನಾವಣೇಲಿ ಬಾಬಾಸಾಹೇಬರ ಎದುರು ನಿಂತು ಸೋತದ್ದು ನನಗೂ ಗೊತ್ತು. ಆ ಜಗಳ ಇನ್ನೊಂದು ದಿನ ಆಡೋಣ.)

ನನಗೆ ಆ ಪುಸ್ತಕ ಓದಿ ತಲೇಲಿ ಕೂತದ್ದು ಇಷ್ಟೇ. ನಮ್ಮ ಕೈ ಬೇಕು, ನಮ್ಮ ಬೆನ್ನು ಬೇಕು, ನಮ್ಮ ಉಸಿರು ಬೇಕು. ಯಾರು ಆಡಬೇಕು, ಯಾರು ಎಲ್ಲಿ ನಿಲ್ಲಬೇಕು, ಯಾರ ಹೆಸರು ಲಿಸ್ಟಲ್ಲಿ ಬರಬೇಕು ಅನ್ನೋ ಜಾಗಕ್ಕೆ ನಾವು ಬೇಡ. ಆಟಗಾರರಾಗಿ ನಮ್ಮನ್ನ ಒಪ್ಪಿಕೊಳ್ಳೋದು ಸಮಾಜಕ್ಕೆ ಅಷ್ಟು ಕಷ್ಟ ಅಲ್ಲ, ನಾವು ಮೊದಲಿಂದಲೂ ಮೈಮುರಿದು ಕೆಲಸ ಮಾಡೋರೇ ಅಲ್ವಾ. ಆ ಒಪ್ಪಿಗೆಯೂ ಎಷ್ಟು ತೆಳು ಅಂತ 2021ರಲ್ಲಿ ನೋಡಿದ್ವಿ. ಟೋಕಿಯೋ ಒಲಿಂಪಿಕ್ಸಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ಮೇಲೆ ಹ್ಯಾಟ್ರಿಕ್ ಗೋಲ್ ಹೊಡೆದ್ರು, ಒಲಿಂಪಿಕ್ಸಲ್ಲಿ ಭಾರತದ ಯಾವ ಹೆಣ್ಣುಮಗಳೂ ಅದಕ್ಕೆ ಮುಂಚೆ ಮಾಡಿರ್ಲಿಲ್ಲ. ಕೆಲವೇ ದಿನ ಬಿಟ್ಟು ಸೆಮಿಫೈನಲಲ್ಲಿ ಅರ್ಜೆಂಟೀನಾ ಎದುರು ತಂಡ ಸೋತಾಗ, ಹರಿದ್ವಾರದ ಹತ್ರ ಇರೋ ಅವರ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದ್ರು.

ಹಾಗಾದ್ರೆ ಲಿಸ್ಟ್ ಬರೆಯೋ ಮೇಜಿನ ಹತ್ರ ಹೋಗಬೇಕು ಅನ್ನಿಸ್ತು. ಮಂಡಿ ನೆಪ ಆಯ್ತು ಅಷ್ಟೆ. ಬಿ.ಪಿ.ಎಡ್. ಆಯ್ತು, ಎಂ.ಪಿ.ಎಡ್. ಆಯ್ತು, ಎರಡು ವರ್ಷ ಅತಿಥಿ ಶಿಕ್ಷಕಿ ಅನ್ನೋ ಹೆಸರಲ್ಲಿ ಆರಾರು ತಿಂಗಳಿಗೊಮ್ಮೆ ಸಂಬಳ ತಗೊಂಡೆ, ಆಮೇಲೆ ಸರ್ಕಾರಿ ಪ್ರೌಢಶಾಲೇಲಿ ಪೋಸ್ಟಿಂಗ್. ಬೇಸಿಗೆ ರಜದಲ್ಲಿ ಆರು ವಾರದ ಕೋಚಿಂಗ್ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದೆ.

ಮೊದಲ ದಿನ ಗ್ರೌಂಡಿಗೆ ಹೋದಾಗ ಹದಿನೈದು ಹುಡುಗಿಯರು. "ಕಬಡ್ಡಿ ಅನ್ನಿ" ಅಂದೆ. ಪಿಸಪಿಸ ಅಂದ್ರು. ಕಬಡ್ಡೀಲಿ ರೈಡರ್ "ಕಬಡ್ಡಿ, ಕಬಡ್ಡಿ" ಅನ್ನೋದು ಅಂಪೈರ್‌ಗೆ ಸ್ಪಷ್ಟವಾಗಿ ಕೇಳಿಸಬೇಕು, ದನಿ ನಿಂತ್ರೆ ಔಟು. ನಮ್ಮ ಹೆಣ್ಣುಮಕ್ಕಳಿಗೆ ಮನೇಲಿ, ಬೀದೀಲಿ, ಕ್ಲಾಸಲ್ಲಿ ಕಲಿಸಿರೋದು ದನಿ ತಗ್ಗಿಸೋದನ್ನ. ಕೇರಿ ಹುಡುಗಿಯರಿಗೆ ಅದು ಇನ್ನೂ ಒಂದು ಪಟ್ಟು ಜಾಸ್ತಿ. ಮೊದಲ ಒಂದು ವಾರ ನಾನು ಆಟವನ್ನೇ ಆಡಿಸಲಿಲ್ಲ. ಗ್ರೌಂಡಿನ ಆ ತುದೀಲಿ ನಾನು, ಈ ತುದೀಲಿ ಒಬ್ಬೊಬ್ಬಳೇ. ನನಗೆ ಕೇಳಿಸೋ ತನಕ ಕೂಗು. ಹೆಡ್‌ಮಾಸ್ಟರು ಹೊರಗೆ ಬಂದು "ಏನಮ್ಮ ಇದು ಗಲಾಟೆ, ಪಾಠ ನಡೀತಿದೆ" ಅಂದ್ರು. "ಇಲ್ಲೂ ಪಾಠವೇ ಸಾರ್" ಅಂದೆ. ಆವಾಗ ನಕ್ಕು ಒಳಗೆ ಹೋದ್ರು, ಪುಣ್ಯಾತ್ಮರು.

ಎರಡನೇ ವಿಷಯ ಸುಣ್ಣ. ಗ್ರೌಂಡ್ ಗುಡಿಸೋದು, ಕಲ್ಲು ಆರಿಸೋದು, ಸುಣ್ಣದ ಗೆರೆ ಹಾಕೋದು ಯಾವಾಗಲೂ ಅದೇ ನಾಲ್ಕು ಮಕ್ಕಳು. ಯಾರೂ ಹೇಳಿರ್ಲಿಲ್ಲ, ಆ ಮಕ್ಕಳೇ ಬಂದು ಪೊರಕೆ ತಗೋತಿದ್ರು. ಯಾವ ನಾಲ್ಕು ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಭಾಷಣ ಮಾಡ್ಲಿಲ್ಲ. ಹಾಜರಿ ಪುಸ್ತಕದ ಕ್ರಮದಲ್ಲಿ ಪಾಳಿ ಹಾಕಿ ಗೋಡೆಗೆ ಅಂಟಿಸಿದೆ, ಮೊದಲ ಹೆಸರು ನಂದೇ ಬರೆದೆ. ಸೋಮವಾರ ಬೆಳಗ್ಗೆ ಪೊರಕೆ ಹಿಡಿದೆ. ಸ್ಟಾಫ್ ರೂಮಲ್ಲಿ ಒಬ್ರು "ಮೇಡಂಗೆ ಅಭ್ಯಾಸ ಇದೆ ಬಿಡಿ" ಅಂದದ್ದು ಕಿವಿಗೆ ಬಿತ್ತು. ಹೌದು, ಇದೆ. ಮಂಗಳವಾರದ ಪಾಳಿ ಊರಿನ ಪಂಚಾಯ್ತಿ ಮೆಂಬರ್ ಮಗಳದು. ಅವಳಿಗೆ ಅಭ್ಯಾಸ ಇರ್ಲಿಲ್ಲ, ಗೆರೆ ಹಾವಿನ ಥರ ಬಂತು. ಮೂರನೇ ಪಾಳಿಗೆ ನೆಟ್ಟಗಾಯ್ತು.

ಈಗ ಚೈನ್ ಕಥೆ. ಡಿಫೆನ್ಸಲ್ಲಿ ಕಾರ್ನರ್ ಮತ್ತು ಅದರ ಪಕ್ಕದವರು ಕೈ ಕೈ ಹಿಡಿದು ಚೈನ್ ಆಗಿ ನಿಲ್ಲಬೇಕು, ರೈಡರ್ ಒಳಗೆ ಬಂದಾಗ ಆ ಚೈನ್ ಬಲೆ ಥರ ಮುಚ್ಚಿಕೊಳ್ಳಬೇಕು. ನಮ್ಮ ತಂಡದ ಬಲಗಡೆ ಚೈನ್ ಪ್ರತಿ ಮ್ಯಾಚಲ್ಲೂ ಒಡೀತಿತ್ತು. ಇಬ್ಬರೂ ಗಟ್ಟಿ ಹುಡುಗಿಯರು, ಕಾಲು ಚುರುಕು, ಆದ್ರೂ ಒಡೀತಿತ್ತು. ಒಂದಿನ ಹಿಂದಿನಿಂದ ನಿಂತು ನೋಡ್ದೆ. ಒಬ್ಬಳು ಕೈ ಹಿಡೀತಿರ್ಲಿಲ್ಲ. ಎರಡು ಬೆರಳ ತುದಿ ಕೊಡ್ತಿದ್ಲು ಅಷ್ಟೇ. ಅದೂ ಅಂಗಿ ತೋಳನ್ನ ಎಳೆದು, ಬಟ್ಟೆ ಮೇಲಿಂದ. ಇನ್ನೊಬ್ಬಳು ಅದನ್ನ ನೋಡಿಯೂ ನೋಡದ ಹಾಗೆ ಆ ಬೆರಳ ತುದೀನೇ ಹಿಡ್ಕೊಂಡು ನಿಂತಿದ್ಲು, ನಮ್ಮ ಹುಡುಗಿ. ಆ ಮಗುವಿನ ಮುಖ ನೋಡಿ ನನ್ನ ಹೊಟ್ಟೆ ಉರೀತು. ಬೈಯೋಕೆ ಬಾಯಿ ತೆಗೆದೆ, ತಡೆದೆ. ಹದಿನಾಲ್ಕು ವರ್ಷದ ಹುಡುಗಿಗೆ ಎಲ್ಲರ ಮುಂದೆ ಜಾತಿ ಪಾಠ ಮಾಡಿದ್ರೆ ಅವಳು ನಾಳೆಯಿಂದ ಬರಲ್ಲ. ನಮ್ಮ ಹುಡುಗಿ ಇನ್ನೂ ಕುಗ್ಗಿ ಹೋಗ್ತಾಳೆ, ತನ್ನಿಂದಾನೇ ತಂಡ ಒಡೀತು ಅಂತ.

ಅವತ್ತು ಎಲ್ಲರನ್ನೂ ನಿಲ್ಲಿಸಿ ಹೊಸ ಹಿಡಿತ ಕಲಿಸಿದೆ. ಬೆರಳಿಗೆ ಬೆರಳು ಬೇಡ. ಮಣಿಕಟ್ಟಿಗೆ ಮಣಿಕಟ್ಟು, ನಿನ್ನ ಹೆಬ್ಬೆರಳು ಅವಳ ನಾಡಿ ಮೇಲೆ, ಅವಳ ಹೆಬ್ಬೆರಳು ನಿನ್ನ ನಾಡಿ ಮೇಲೆ. ನಡುವೆ ಬಟ್ಟೆ ಇದ್ರೆ ಜಾರುತ್ತೆ, ತೋಳು ಮೇಲೆ ಮಡಚಿ. ಇದು ಆಟದ ತಾಂತ್ರಿಕ ಮಾತು, ಇದಕ್ಕೆ ಯಾರೂ ಇಲ್ಲ ಅನ್ನೋ ಹಾಗಿಲ್ಲ. ಜೋಡಿಗಳನ್ನ ನಾನೇ ಹಾಕಿದೆ. ಜೋಡಿ ಬಿಡಿಸೋಕೆ ನಾನೇ ರೈಡರ್ ಆಗಿ ಒಳಗೆ ನುಗ್ಗಿದೆ, ಹಳೇ ಮಂಡಿ ಇಟ್ಕೊಂಡು. ಹಿಡಿತ ಬಿಟ್ಟ ಜೋಡಿ ಗ್ರೌಂಡ್ ಸುತ್ತ ಓಡಬೇಕು, ಅದೂ ಮಣಿಕಟ್ಟು ಹಿಡ್ಕೊಂಡೇ. ಎರಡು ವಾರ. ಮೂರನೇ ವಾರಕ್ಕೆ ಬಲಗಡೆ ಚೈನ್ ಒಡೀಲಿಲ್ಲ.

ಅದಾದ ಮೇಲೆ ಆ ಹುಡುಗಿಯ ಅಜ್ಜಿ ಸ್ಕೂಲಿಗೆ ಬಂದ್ರು. ಜಗಳಕ್ಕೆ ಅಲ್ಲ, ಬಹಳ ಮರ್ಯಾದೆಯಿಂದಲೇ. "ಮಿಸ್ಸು, ಈ ಮೈ ಮುಟ್ಟೋ ಆಟ ಬುಟ್ಟು ಬೇರೆ ಯಾವ್ದಾದ್ರೂ ಆಡ್ಸಿ. ಥ್ರೋಬಾಲ್ ಅಂತೀರಲ್ಲ, ಅದ್ರಲ್ಲಿ ಮಧ್ಯಕ್ಕೆ ಬಲೆ ಇರ್ತದಂತೆ." ಬಲೆ ಇರುತ್ತೆ ಅಂತ ಥ್ರೋಬಾಲ್ ಕೇಳ್ಕೊಂಡು ಬಂದವರನ್ನ ನಾನು ನೋಡಿದ್ದು ಅದೇ ಮೊದಲು. ನಾನು ಹೇಳಿದೆ: "ಅಜ್ಜಿ, ಬಲೆ ಆಚೆ ಕಡೆ ಬೇರೆ ಊರವರು ಇರ್ತಾರೆ, ಈಚೆ ಕಡೆ ನಮ್ಮವರೇ ಎಲ್ಲಾರೂ ಒಟ್ಟಿಗೆ." ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಎದ್ದು ಹೋದ್ರು. ಹುಡುಗಿ ಕಬಡ್ಡೀಲೇ ಉಳಿದ್ಲು. ಈ ಕಥೇನ ನಾನು ಬೇರೆ ಕಡೆ ಹೇಳಿದಾಗ ಕೆಲವರು ಚಪ್ಪಾಳೆ ಹೊಡೀತಾರೆ, ಆಟ ಜಾತೀನ ಗೆದ್ದುಬಿಡ್ತು ಅನ್ನೋ ಥರ. ಗೆದ್ದಿಲ್ಲ. ಆ ಹುಡುಗಿ ಪ್ರಾಕ್ಟೀಸ್ ಮುಗಿಸಿ ಮನೆಗೆ ಹೋದ ಮೇಲೆ ಹಿತ್ತಲ ಬಾಗಿಲಿಂದ ಒಳಗೆ ಹೋಗಿ, ಸ್ನಾನ ಮಾಡಿ, ಆಮೇಲೆ ಅಡುಗೆಮನೆಗೆ ಹೋಗ್ತಾಳೆ. ಅವಳೇ ಹೇಳಿದ್ದು. ಚೈನ್ ಗಟ್ಟಿ ಆಯ್ತು, ಅಷ್ಟನ್ನ ಮಾತ್ರ ಹೇಳಬಲ್ಲೆ.

ಇನ್ನು ಆ ಮೇಜು. ಮೂರು ವರ್ಷ ಆದ ಮೇಲೆ ನನ್ನನ್ನೂ ಒಂದು ಆಯ್ಕೆ ಸಮಿತಿಗೆ ಹಾಕಿದ್ರು. ಹೆಣ್ಣುಮಕ್ಕಳ ತಂಡಕ್ಕೆ ಒಬ್ಬ ಹೆಂಗಸು ಬೇಕಿತ್ತು, ಬೇರೆ ಯಾರೂ ಬರೋಕೆ ಒಪ್ಪಿರ್ಲಿಲ್ಲ, ಹಾಗಾಗಿ. ನಾನು ಯುದ್ಧಕ್ಕೆ ಹೋಗೋ ಥರ ಹೋದೆ. ಅಲ್ಲಿ ಯಾರೂ ಜಾತಿ ಹೆಸರು ಎತ್ತಲಿಲ್ಲ. ಟೀ ಎಲ್ಲರಿಗೂ ಒಂದೇ ಪೇಪರ್ ಕಪ್ಪಲ್ಲಿ ಬಂತು. ಹನ್ನೊಂದು ಹೆಸರು ಸಲೀಸಾಗಿ ಆಯ್ತು. ಹನ್ನೆರಡನೇದಕ್ಕೆ ಇಬ್ಬರು. ಒಬ್ಬಳು ಹಾಸ್ಟೆಲ್ ಹುಡುಗಿ. ಇನ್ನೊಬ್ಬಳು ಟೌನಿನ ಖಾಸಗಿ ಶಾಲೆ. ಹಾಸ್ಟೆಲ್ ಹುಡುಗಿ ಬಗ್ಗೆ ಒಬ್ರು "ಆಟ ಪರವಾಗಿಲ್ಲ, ಆದ್ರೆ ಡಿಸಿಪ್ಲಿನ್ ಕಮ್ಮಿ" ಅಂದ್ರು. ಇನ್ನೊಬ್ರು "ಮ್ಯಾಟ್ ಮೇಲೆ ಅಭ್ಯಾಸ ಇಲ್ಲ, ಜಾರ್ತಾಳೆ" ಅಂದ್ರು. ಮೂರನೆಯವರು "ಕ್ಯಾಂಪಿಗೆ ಆ ಮನೆಯವರು ಕಳಿಸಲ್ಲ, ಸುಮ್ನೆ ಸೀಟ್ ವೇಸ್ಟು" ಅಂದ್ರು. ಎಲ್ಲರೂ ಒಳ್ಳೇ ಮನುಷ್ಯರು. ಅವರ ಮಾತು ಕೇಳ್ತಾ ನನಗೆ ನನ್ನ ಹೆಸರು ಹದಿನೈದು ವರ್ಷದ ಹಿಂದೆ ಎಷ್ಟು ಮೇಜಿನ ಮೇಲೆ ಹೀಗೆ ಮೆತ್ತಗೆ ಜಾರಿ ಬಿದ್ದಿರಬಹುದು ಅನ್ನಿಸ್ತು.

ನನ್ನ ಕೈಲಿ ಒಂದು ನೋಟ್‌ಬುಕ್ ಇತ್ತು. ಟ್ರಯಲ್ಸ್ ನಡೆಯೋವಾಗ ಪ್ರತಿ ಹುಡುಗಿ ಎಷ್ಟು ರೈಡ್ ಹೋದ್ಲು, ಎಷ್ಟು ಪಾಯಿಂಟ್ ತಂದ್ಲು, ಎಷ್ಟು ಸಲ ಸಿಕ್ಕಿಬಿದ್ಲು, ಎಲ್ಲಾ ಗೆರೆ ಎಳೆದು ಬರೆದಿದ್ದೆ. ಅದನ್ನ ಮೇಜಿನ ಮೇಲೆ ಇಟ್ಟೆ. ಹಾಸ್ಟೆಲ್ ಹುಡುಗಿ ಜಾರಿದ್ದು ನಿಜ, ಯಾಕಂದ್ರೆ ಅವಳು ಬರಿಗಾಲಲ್ಲಿ ಆಡಿದ್ಲು, ಮ್ಯಾಟ್ ಶೂ ಇರ್ಲಿಲ್ಲ. ಜಾರಿ ಜಾರಿಯೂ ಇನ್ನೊಬ್ಬಳ ಎರಡರಷ್ಟು ಪಾಯಿಂಟ್ ತಂದಿದ್ಲು. "ಡಿಸಿಪ್ಲಿನ್ ಕಮ್ಮಿ ಅಂದ್ರೆ ಏನು ಸಾರ್, ಯಾವತ್ತು, ಏನ್ ಮಾಡಿದ್ಲು, ಹೇಳಿ ಬರ್ಕೋತೀನಿ" ಅಂದೆ. ಯಾರೂ ಹೇಳಲಿಲ್ಲ. "ಮನೆಯವರು ಕಳಿಸ್ತಾರೋ ಇಲ್ವೋ ಫೋನ್ ಮಾಡಿ ಕೇಳೋಣ" ಅಂತ ಅಲ್ಲೇ ಹಾಸ್ಟೆಲ್ ವಾರ್ಡನ್‌ಗೆ ಮಾಡಿದೆ, ಅವರು ಅವರಪ್ಪನ ಹತ್ರ ಮಾತಾಡಿಸಿದ್ರು. ಆಯಪ್ಪ ಫೋನಲ್ಲೇ ಅತ್ತುಬಿಟ್ರು. ಹನ್ನೆರಡನೇ ಹೆಸರು ಅವಳದಾಯ್ತು.

ಇದನ್ನ ಬರೀತಿರೋದು ನಾನು ದೊಡ್ಡ ಹೋರಾಟ ಮಾಡ್ದೆ ಅಂತಲ್ಲ. ಮೈದಾನದಲ್ಲಿ ನಾನು ಎಷ್ಟೇ ಗಟ್ಟಿಯಾಗಿ ಆಡಿದ್ರೂ ಈ ಮಾತುಗಳು ನನ್ನ ಕಿವಿಗೆ ಬೀಳ್ತಾನೇ ಇರ್ಲಿಲ್ಲ. ಅವು ನಡೆಯೋದು ಬೇರೆ ಕೋಣೇಲಿ. ಬರೆದಿಟ್ಟ ಲೆಕ್ಕ ಇಲ್ಲದ ಕಡೆ "ನನಗನ್ಸುತ್ತೆ" ಅನ್ನೋದೇ ಕಾನೂನು, ಆ "ಅನಿಸಿಕೆ" ಯಾವ ಕಡೆ ವಾಲುತ್ತೆ ಅಂತ ನಮಗೆ ಗೊತ್ತು. ಈಗ ನಮ್ಮ ಶಾಲೆ ಹುಡುಗಿಯರಿಗೆ ಸ್ಕೋರ್ ಶೀಟ್ ಬರೆಯೋದನ್ನ ಒಂಬತ್ತನೇ ಕ್ಲಾಸಿಂದಲೇ ಕಲಿಸ್ತೀನಿ. ತಮ್ಮ ಲೆಕ್ಕ ತಾವೇ ಇಟ್ಕೊಳ್ಳಲಿ.

ದೇಶದಲ್ಲಿ ಕೋಚುಗಳಿಗೆ ಕೊಡೋ ದೊಡ್ಡ ಪ್ರಶಸ್ತಿ ಹೆಸರು ದ್ರೋಣಾಚಾರ್ಯ. 1985ರಿಂದ ಕೊಡ್ತಿದ್ದಾರೆ. ನಮ್ಮ ಕರ್ನಾಟಕದಲ್ಲಿ ಆಟಗಾರರಿಗೆ ಕೊಡೋ ಪ್ರಶಸ್ತಿ ಹೆಸರು ಏಕಲವ್ಯ. ಒಂದು ಕ್ಷಣ ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡಿ. ಬೆರಳು ಕೇಳಿದವನ ಹೆಸರಲ್ಲಿ ಗುರುವಿಗೆ ಮರ್ಯಾದೆ, ಬೆರಳು ಕಳ್ಕೊಂಡವನ ಹೆಸರಲ್ಲಿ ಶಿಷ್ಯನಿಗೆ ಮರ್ಯಾದೆ. ಯಾರಿಗೂ ಇದು ವಿಚಿತ್ರ ಅನ್ನಿಸಲ್ಲ ಅನ್ನೋದೇ ವಿಚಿತ್ರ. ಕುವೆಂಪು 1947ರಲ್ಲೇ "ಬೆರಳ್‌ಗೆ ಕೊರಳ್" ಬರೆದು ಏಕಲವ್ಯನ ತಾಯೀನ ರಂಗದ ಮೇಲೆ ತಂದ್ರು. ನಾವು ಇನ್ನೂ ಪ್ರಶಸ್ತಿ ಹೆಸರು ಬದಲಿಸಿಲ್ಲ. ಅಂದ ಹಾಗೆ, ಆ್ಯಂಕಲ್ ಹೋಲ್ಡ್ ಹಾಕೋಕೆ ಹೆಬ್ಬೆರಳು ಬೇಕೇ ಬೇಕು. ಅದಿಲ್ಲದೆ ಕಾಲು ನಿಲ್ಲಲ್ಲ. ನಾನು ಕಾರ್ನರ್ ಕಲಿಸೋವಾಗ ಮೊದಲು ಕಲಿಸೋದೇ ಹೆಬ್ಬೆರಳ ಜಾಗ.

ಹಾಗಂತ ಕೋಚ್ ಅಂದ್ರೆ ಎಲ್ಲಾ ದ್ರೋಣರೇ ಅಲ್ಲ. 2018ರ ಜಕಾರ್ತಾ ಏಷ್ಯನ್ ಗೇಮ್ಸಲ್ಲಿ ನಮ್ಮ ಹೆಣ್ಣುಮಕ್ಕಳ ಕಬಡ್ಡಿ ತಂಡವನ್ನ ಇರಾನ್ 27–24ರಲ್ಲಿ ಸೋಲಿಸಿತು. ಇರಾನ್ ಕೋಚ್ ಯಾರು? ಮಹಾರಾಷ್ಟ್ರದ ನಾಸಿಕ್‌ನ ಶೈಲಜಾ ಜೈನ್. ಬೇರೆ ದೇಶ, ಬೇರೆ ಭಾಷೆ, ಬೇರೆ ಆಹಾರ, ಆದ್ರೂ ಆ ಹುಡುಗಿಯರನ್ನ ಚಿನ್ನದ ತನಕ ಕರ್ಕೊಂಡು ಹೋದ್ರು. ಫೈನಲ್ ನೋಡ್ತಾ ಭಾರತ ಸೋಲ್ತು ಅಂತ ದುಃಖಾನೂ ಆಯ್ತು, ಬೆಂಚಲ್ಲಿ ಕೂತಿದ್ದ ಆ ಹೆಂಗಸನ್ನ ನೋಡಿ ಖುಷೀನೂ ಆಯ್ತು. ಒಬ್ಬಳು ಆಟಗಾರ್ತಿ ಎರಡು ಕೈಲಿ ಒಂದು ಕಾಲು ಹಿಡೀಬಹುದು. ಆ ಬೆಂಚಿಂದ ಏನೇನು ಹಿಡೀಬಹುದು ಅಂತ ಆವತ್ತು ಕಾಣಿಸ್ತು.

ತಮ್ಮಾ, ನೀನು ಬೇಜಾರಾಗಲ್ವಾ ಅಂತ ಕೇಳಿದ್ದೆ. ಆಗುತ್ತೆ. ಹುಡುಗಿಯರು ಮ್ಯಾಚ್ ಆಡೋವಾಗ ಹೊರಗೆ ಕೂತಿದ್ರೆ ಈಗಲೂ ನನ್ನ ಎಡಗೈ ತಾನಾಗಿ ಮುಂದೆ ಹೋಗುತ್ತೆ. ಅರ್ಧಕ್ಕೆ ಎರಡು ಟೈಮ್‌ಔಟ್, ಒಂದೊಂದೂ 30 ಸೆಕೆಂಡು, ಒಂದು ರೈಡಿನಷ್ಟೇ ಹೊತ್ತು. ಅಷ್ಟರಲ್ಲಿ ನೀರು ಕುಡಿಸಿ, ಅಳ್ತಿರೋಳ ಬೆನ್ನು ತಟ್ಟಿ, ಒಂದು ಮಾತು ಹೇಳಬಹುದು. ಮೊದಮೊದಲು ನಾನು ಹತ್ತು ಮಾತು ಹೇಳೋಕೆ ಹೋಗ್ತಿದ್ದೆ. ಈಗ ಒಂದೇ. ಹೆಚ್ಚಿನ ಸಲ ಅದು "ಉಸಿರು ತಗೋ, ಇನ್ನೂ ಟೈಮಿದೆ" ಅನ್ನೋದೇ ಆಗಿರುತ್ತೆ.

ಇನ್ನೊಂದು ಬೇಜಾರು ರಕ್ತದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ನನಗೆ ಅದು ಅಂಕಿ ಅಲ್ಲ, ಗ್ರೌಂಡಲ್ಲಿ ಎರಡನೇ ಸುತ್ತಿಗೆ ಕಣ್ಣು ಕತ್ತಲೆ ಬಂದು ಕೂರೋ ಹುಡುಗಿ. ಶಾಲೇಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದ್ರಲ್ಲ, ಅವರಲ್ಲಿ ಒಬ್ಬರಾದ್ರೂ ಬೆಳಗ್ಗೆ ಆರೂವರೆಗೆ ನಮ್ಮ ಗ್ರೌಂಡಿಗೆ ಬಂದು ನಿಂತು ನೋಡ್ಲಿ ಅನ್ನೋ ಆಸೆ ಇದೆ. ಮೊಟ್ಟೆ ಬೇಡದ ಮಗುವಿಗೆ ಬಾಳೆಹಣ್ಣು ಇದೆ, ಕೊಡ್ತೀವಿ. ಬೇಕಾದ ಮಗುವಿನ ತಟ್ಟೇಲಿ ಕೈ ಹಾಕಬೇಡಿ. ಪ್ರೋಟೀನ್ ಕ್ಲಾಸ್ ನಾನೂ ತಗೋತೀನಿ. ಆದ್ರೆ "ಮನೇಲಿ ಏನು ತಿಂತೀರಿ" ಅಂತ ಎಲ್ಲರ ಮುಂದೆ ಕೇಳಲ್ಲ. ಬೋರ್ಡ್ ಮೇಲೆ ಬೇಳೆ, ಮೊಟ್ಟೆ, ಮೀನು, ಕೋಳಿ, ಕುರಿ, ದನ, ಹಂದಿ, ಎಲ್ಲಾ ಬರೆದು ಯಾವುದರಲ್ಲಿ ಎಷ್ಟು ಶಕ್ತಿ ಅಂತ ಹೇಳಿ ಮುಗಿಸ್ತೀನಿ. ಹಿಂದಿನ ಬೆಂಚಲ್ಲಿ ಒಂದೆರಡು ತಲೆ ಎದ್ದು ನೋಡ್ತವೆ.

ಆ ಹನ್ನೆರಡನೇ ಹೆಸರಿನ ಹುಡುಗಿ ಈಗ ಬಿ.ಪಿ.ಎಡ್. ಮೊದಲ ವರ್ಷ. ರೆಫ್ರಿ ಪರೀಕ್ಷೆಗೂ ಓದ್ತಿದ್ದಾಳೆ, ರೂಲ್ ಬುಕ್ಕಿನ ಕನ್ನಡ ನೋಟ್ಸ್ ಅವಳೇ ಮಾಡ್ತಿದ್ದಾಳೆ. ಭಾನುವಾರ ಬೆಳಗ್ಗೆ ನಮ್ಮ ಗ್ರೌಂಡಿಗೆ ಬಂದು ಚಿಕ್ಕ ಮಕ್ಕಳಿಗೆ ವಿಷಲ್ ಹಾಕ್ತಾಳೆ. ಮೊನ್ನೆ ನಾನು ಗೆರೆ ಹೊರಗೆ ನಿಂತು ಒಂದು ಪಾಯಿಂಟ್ ಬಗ್ಗೆ ಮಾತಾಡೋಕೆ ಹೋದೆ. "ಮಿಸ್, ಕೋಚ್ ಒಳಗೆ ಬರೋ ಹಾಗಿಲ್ಲ, ಕೂತ್ಕೊಳ್ಳಿ" ಅಂದ್ಲು. ಕೂತ್ಕೊಂಡೆ.

ಕೊನೇದಾಗಿ ಒಂದು ಕೆಲಸದ ವಿಷಯ. ಮುಂದಿನ ತಿಂಗಳು ಟ್ರಯಲ್ಸ್ ಮ್ಯಾಟ್ ಮೇಲೆ. ನಮ್ಮ ಹುಡುಗಿಯರಲ್ಲಿ ಒಂಬತ್ತು ಜನಕ್ಕೆ ಮ್ಯಾಟ್ ಶೂ ಇಲ್ಲ. ಹಳೇದಾದ್ರೂ ಪರವಾಗಿಲ್ಲ, ಅಡಿ ಸವೆದಿರಬಾರದು ಅಷ್ಟೇ. ಸೈಜ್ 3ರಿಂದ 6. ದುಡ್ಡು ಬೇಡ, ಶೂ ಮಾತ್ರ. ಇದ್ದವರು ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.